ಹೂತಿಟ್ಟ ತಲೆಂತು: ಅಂಗಳದ ಹೆಣ್ಣುಮಕ್ಕಳು ಮತ್ತು ನಮ್ಮ ಕುಟುಂಬಗಳು



ಕಳೆದ ಬೇಸಿಗೆಯ ಒಂದು ಭಾನುವಾರ. ಬಲಿಪೂಜೆ ಮುಗಿದು ಜನರೆಲ್ಲ ಮನೆಗೆ ಹೊರಟಿದ್ದರು. ಕುಂಭಾರಿ ಕಡೆಯ ಒಬ್ಬ ತಾಯಿ ಮಾತ್ರ ದೇವಾಲಯದ ಬಾಗಿಲ ಬಳಿ ನಿಂತೇ ಇದ್ದರು. ಏನೋ ಹೇಳಬೇಕು, ಹೇಳಲು ಸಂಕೋಚ. ನಾವೇ ಹತ್ತಿರ ಹೋಗಿ ಕೇಳಿದೆವು. ಆಕೆ ಸೆರಗು ಸರಿಮಾಡಿಕೊಂಡು ಹೇಳಿದರು: "ಫಾದರ್, ನಮ್ಮ ಹುಡುಗಿ ಹತ್ತನೇತ್ತಾ ಮುಗಿಸ್ಯಾಳ್ರಿ. ಇನ್ನೂ ಆ ಬಾಸ್ಕೆಟ್‌ಬಾಲ್ ಅಂತ ಕುಣೀತಾಳ. ಅರ್ಧ ಚಡ್ಡಿ ಹಾಕ್ಕೊಂಡು ಆಡೂ ಹುಡುಗಿನ್ನ ನಾಳೆ ಯಾರು ಕೇಳ್ತಾರ್ರಿ? ನೀವೊಂದು ಮಾತು ಹೇಳ್ರಿ. ನಿಮ್ಮ ಮಾತು ಆಕಿ ಮೀರಂಗಿಲ್ಲ."

ನಾವು ಆ ಕೂಡಲೇ ಉತ್ತರ ಕೊಡಲಿಲ್ಲ. "ಒಂದು ವಾರ ಬಿಟ್ಟು ಮನೆಗೆ ಬರುತ್ತೇವೆ" ಎಂದಷ್ಟೇ ಹೇಳಿ ಕಳುಹಿಸಿದೆವು. ಯಾಕೆ ಉತ್ತರ ಕೊಡಲಿಲ್ಲ ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ. ಅದಕ್ಕೆ ಮೊದಲು ಈ ಆಟದ ಕಥೆಯನ್ನೂ, ಇದನ್ನೇ ಬದುಕಾಗಿಸಿಕೊಂಡ ಕೆಲವರ ಮನೆಯ ಕಥೆಯನ್ನೂ ನಿಮ್ಮ ಮುಂದಿಡಬೇಕೆಂದಿದ್ದೇವೆ.

ಹಣ್ಣಿನ ಬುಟ್ಟಿಯಿಂದ ಹುಟ್ಟಿದ ಆಟ

ಬಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದವರು ಜೇಮ್ಸ್ ನೈಸ್ಮಿತ್. ಕೆನಡಾ ದೇಶದವರು. ಎಳೆಯ ವಯಸ್ಸಿನಲ್ಲೇ ತಂದೆತಾಯಿ ಇಬ್ಬರನ್ನೂ ವಿಷಮಶೀತ ಜ್ವರಕ್ಕೆ ಕಳೆದುಕೊಂಡ ಅನಾಥ. ದೈವಶಾಸ್ತ್ರ ಓದಿ, ಸಭೆಯ ಸೇವೆಗೆ ಹೋಗಬೇಕಾಗಿದ್ದವರು ಯುವಕರ ದೇಹ ಮತ್ತು ಮನಸ್ಸನ್ನು ಕಟ್ಟುವುದೂ ದೇವರ ಕೆಲಸವೇ ಎಂದು ನಂಬಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈಎಂಸಿಎ ತರಬೇತಿ ಶಾಲೆಗೆ ಉಪಾಧ್ಯಾಯರಾಗಿ ಸೇರಿದರು. 1891ರ ಡಿಸೆಂಬರ್ ತಿಂಗಳು. ಹೊರಗೆ ಹಿಮ, ಒಳಗೆ ಬೇಸತ್ತ ಹುಡುಗರು. ಅವರಿಗಾಗಿ ನೈಸ್ಮಿತ್ 13 ನಿಯಮಗಳನ್ನು ಬರೆದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ಕಟ್ಟಿಸಿದರು. ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ಯಾರಾದರೂ ಏಣಿ ಹತ್ತಿ ತೆಗೆಯಬೇಕಿತ್ತು. ಇಂದಿಗೂ ಬಳೆಯ ಎತ್ತರ ಅದೇ ಹತ್ತು ಅಡಿ.

ಮರುವರ್ಷವೇ, 1892ರಲ್ಲಿ, ಸ್ಮಿತ್ ಕಾಲೇಜಿನ ಉಪಾಧ್ಯಾಯಿನಿ ಸೆಂಡಾ ಬೆರೆನ್ಸನ್ ಹೆಣ್ಣುಮಕ್ಕಳಿಗೆ ಈ ಆಟ ಕಲಿಸತೊಡಗಿದರು. ಅಂದರೆ ಇದು ಗಂಡಸರಿಂದ ಹೆಂಗಸರು ಎರವಲು ತಂದ ಆಟವಲ್ಲ. ಹೆಚ್ಚುಕಡಿಮೆ ಹುಟ್ಟಿದಂದಿನಿಂದಲೂ ಇಬ್ಬರ ಆಟ. ಆದರೂ ಒಲಿಂಪಿಕ್ಸ್‌ನಲ್ಲಿ ಗಂಡಸರಿಗೆ 1936ರಲ್ಲಿ ಸಿಕ್ಕ ಜಾಗ ಹೆಂಗಸರಿಗೆ ಸಿಕ್ಕಿದ್ದು 1976ರಲ್ಲಿ, ನಲವತ್ತು ವರ್ಷ ತಡವಾಗಿ. ನಮ್ಮ ದೇಶಕ್ಕೆ ಈ ಆಟ ಬಂದಿದ್ದೂ ವೈಎಂಸಿಎ ಮೂಲಕವೇ. 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಬಕ್ ಅವರು ಆರಂಭಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನ ಮೂಲಕ ಇಂಥ ಆಟಗಳು ದಕ್ಷಿಣದ ಶಾಲೆಗಳ ಅಂಗಳಕ್ಕಿಳಿದವು. ನಮ್ಮ ಮಿಷನ್ ಶಾಲೆಗಳಲ್ಲಿ ಎಷ್ಟೋ ಕಡೆ ಎರಡು ಕಂಬ, ಎರಡು ಬಳೆ ಇಂದಿಗೂ ಇವೆ. ಬಲೆ ಹರಿದಿರುತ್ತದೆ, ಅಷ್ಟೇ.

ಚೆನ್ನೈನ ಅನಿತಾ

ಆ ಮದರಾಸು, ಅಂದರೆ ಇಂದಿನ ಚೆನ್ನೈ, 1985ರಲ್ಲಿ ಹುಟ್ಟಿದ ಹುಡುಗಿ ಅನಿತಾ ಪಾಲ್‌ದುರೈ. ಶಾಲೆಯಲ್ಲಿ ಓಟ, ವಾಲಿಬಾಲ್ ಎಂದು ಆಡುತ್ತಿದ್ದವಳು ಬಾಸ್ಕೆಟ್‌ಬಾಲ್ ಹಿಡಿದಳು. ಹದಿನೈದರ ಆಸುಪಾಸಿನಲ್ಲಿ ದೇಶದ ಅಂಗಿ ತೊಟ್ಟಳು. ಹತ್ತೊಂಬತ್ತನೇ ವಯಸ್ಸಿಗೆ ಭಾರತ ಮಹಿಳಾ ತಂಡದ ನಾಯಕಿಯಾದಳು. ನಮ್ಮಲ್ಲಿ ಹತ್ತೊಂಬತ್ತರ ಹುಡುಗಿಗೆ ಒಬ್ಬಳೇ ಬಸ್ಸಿನಲ್ಲಿ ಅಕ್ಕಲಕೋಟೆಗೆ ಹೋಗಿಬರಲು ಕೂಡ ಅಪ್ಪಣೆ ಸಿಗುವುದಿಲ್ಲ. ಆ ವಯಸ್ಸಿನಲ್ಲಿ ಆಕೆ ತನಗಿಂತ ಹಿರಿಯರಾದ ಆಟಗಾರ್ತಿಯರನ್ನು ಮುನ್ನಡೆಸಬೇಕಿತ್ತು.

ಬಾಸ್ಕೆಟ್‌ಬಾಲ್ ಆಡಿ ಕೋಟ್ಯಧೀಶರಾಗುವವರು ಅಮೆರಿಕದಲ್ಲಿದ್ದಾರೆ. ನಮ್ಮ ದೇಶದಲ್ಲಿ ಹಾಗಿಲ್ಲ. ಕ್ರಿಕೆಟ್ಟಿನ ಹಣ ಈ ಆಟದಲ್ಲಿ ಇಲ್ಲ. ಇಲ್ಲಿ ಆಟಗಾರರಿಗೆ ಅನ್ನ ಕೊಡುವುದು ಹೆಚ್ಚಾಗಿ ರೈಲ್ವೆ, ಪೊಲೀಸ್, ಸೇನೆ, ಓಎನ್‌ಜಿಸಿಯಂಥ ಸಂಸ್ಥೆಗಳ ಕ್ರೀಡಾ ನೌಕರಿ. ಅನಿತಾ ದಕ್ಷಿಣ ರೈಲ್ವೆ ಸೇರಿದರು. ಕಚೇರಿ ಒಂದು ಕಡೆ, ಅಭ್ಯಾಸ ಇನ್ನೊಂದು ಕಡೆ. ಹೀಗೆ 2000ದಿಂದ 2017ರವರೆಗೆ ದೇಶಕ್ಕಾಗಿ ಆಡಿದರು. ಸತತವಾಗಿ ಒಂಬತ್ತು ಏಷ್ಯನ್ ಚಾಂಪಿಯನ್‌ಷಿಪ್‌ಗಳಲ್ಲಿ ಪಾಲ್ಗೊಂಡರು. ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ 30 ಪದಕ ಗೆದ್ದರು.

ಆದರೆ ಅವರ ಬದುಕಿನ ದೊಡ್ಡ ಪರೀಕ್ಷೆ ಬಂದಿದ್ದು ಅಂಗಳದಲ್ಲಲ್ಲ, ಮನೆಯಲ್ಲಿ. ಮದುವೆಯಾಯಿತು, ಗಂಡುಮಗುವಾಯಿತು. ನಮ್ಮ ದೇಶದಲ್ಲಿ ಹೆಣ್ಣುಮಗಳ ಆಟ ಮುಗಿಯುವುದು ಸಾಮಾನ್ಯವಾಗಿ ಇಲ್ಲಿಯೇ. ಸೋತು ಮುಗಿಯುವುದಿಲ್ಲ, ಯಾರೂ ಹೇಳದೆ, ಯಾರೂ ಬೀಳ್ಕೊಡದೆ, ಬೂಟುಗಳು ಅಟ್ಟ ಸೇರಿ ಮುಗಿಯುತ್ತದೆ. ಅನಿತಾ ಮಾತ್ರ ಮಗುವನ್ನು ಹೆತ್ತ ಮೇಲೆ ಮತ್ತೆ ಅಂಗಳಕ್ಕಿಳಿದರು. ಹೆರಿಗೆಯಾದ ದೇಹ ಮೊದಲಿನ ವೇಗಕ್ಕೆ ಮರಳುವುದು ಎಷ್ಟು ಕಷ್ಟವೆಂದು ನಮ್ಮ ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ. ಕೂಸನ್ನು ಮನೆಯವರ ಕೈಯಲ್ಲಿ ಬಿಟ್ಟು ಶಿಬಿರಕ್ಕೆ ಹೋಗುವ ಸಂಕಟವನ್ನೂ ಅವರೇ ಬಲ್ಲರು. ಮನೆಯವರು ಕೈಗೂಡಿಸದಿದ್ದರೆ ಅದು ಆಗುವ ಮಾತೇ ಅಲ್ಲ.

ಬೆಂಗಳೂರಿನ ಆ ಸಂಜೆ

2017ರ ಜುಲೈ ತಿಂಗಳಲ್ಲಿ ಮಹಿಳೆಯರ ಏಷ್ಯಾ ಕಪ್ ಪಂದ್ಯಾವಳಿ ನಮ್ಮ ಬೆಂಗಳೂರಿನಲ್ಲಿ ನಡೆಯಿತು. ಭಾರತ ಆಡಿದ್ದು ಎರಡನೇ ದರ್ಜೆಯಲ್ಲಿ, ಅಂದರೆ ಬಿ ವಿಭಾಗದಲ್ಲಿ. ನಾಯಕಿ 32 ವರ್ಷದ ಅನಿತಾ, ಈಗ ಒಂದು ಮಗುವಿನ ತಾಯಿ. ತಂಡದಲ್ಲಿ ಕರ್ನಾಟಕದ ಪಿ.ಯು. ನವನೀತಾ ಇದ್ದರು. ನಮ್ಮ ಪುಣೆಯ ಶಿರೀನ್ ಲಿಮಯೆ ಕೂಡ ಇದ್ದರು; ಮುಂದೆ ಭಾರತ ತಂಡದ ನಾಯಕಿಯಾದವರು ಅವರೇ.

ಜುಲೈ 29ರಂದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಅಂತಿಮ ಪಂದ್ಯ. ಎದುರಾಳಿ ಕಝಾಕಸ್ತಾನ. ಎತ್ತರದಲ್ಲೂ ಬಲದಲ್ಲೂ ಮೇಲುಗೈಯಾದ ತಂಡ. ಈ ಆಟದಲ್ಲಿ ಹತ್ತು ಹತ್ತು ನಿಮಿಷದ ನಾಲ್ಕು ಭಾಗ. ನಲವತ್ತು ನಿಮಿಷ ಮುಗಿದಾಗ ಭಾರತ 75, ಕಝಾಕಸ್ತಾನ 73. ಎರಡೇ ಎರಡು ಅಂಕ, ಒಂದೇ ಒಂದು ಬುಟ್ಟಿಯ ಅಂತರ! ಭಾರತ ಮೇಲಿನ ದರ್ಜೆಗೆ ಏರಿತು.

ಗೆದ್ದ ಕಥೆಯನ್ನು ಮಾತ್ರ ಹೇಳಿ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಎರಡು ವರ್ಷಗಳ ನಂತರ, 2019ರಲ್ಲಿ, ಅದೇ ಬೆಂಗಳೂರಿನಲ್ಲಿ ಮೇಲಿನ ದರ್ಜೆಯ ಪಂದ್ಯಾವಳಿ ನಡೆದಾಗ ಭಾರತ ಎಂಟನೆಯ, ಅಂದರೆ ಕಟ್ಟಕಡೆಯ ಸ್ಥಾನ ಪಡೆಯಿತು. ಆಟದಲ್ಲಿ ಗೆಲುವು ಬಾಡಿಗೆ ಮನೆ ಇದ್ದಂತೆ. ಯಾರೂ ಅಲ್ಲಿ ಶಾಶ್ವತವಾಗಿ ಇರುವುದಿಲ್ಲ. ಉಳಿಯುವುದು ಆಟ ಕಲಿಸಿದ ಶಿಸ್ತು ಮಾತ್ರ. ಅರ್ಜುನ ಪ್ರಶಸ್ತಿ ಸಿಗದೆಯೇ ಆಟದಿಂದ ಹಿಂದೆ ಸರಿದಿದ್ದ ಅನಿತಾ ಅವರಿಗೆ 2021ರಲ್ಲಿ ಪದ್ಮಶ್ರೀ ಗೌರವ ಬಂತು. ತಡವಾಗಿ ಬಂತು, ಆದರೆ ಬಂತು.

ಅವರ ಜೊತೆಯಲ್ಲೇ ವರ್ಷಾನುಗಟ್ಟಲೆ ಆಡಿದವರು ಕೇರಳದ ಗೀತು ಅನ್ನಾ ಜೋಸ್. ಚಂಗನಾಶ್ಶೇರಿಯ ಅಸಂಪ್ಷನ್ ಕಾಲೇಜಿನಲ್ಲಿ ಓದಿದವರು. ಅದು ನಮ್ಮ ಕಥೋಲಿಕ ಧರ್ಮಸಭೆ ಹೆಣ್ಣುಮಕ್ಕಳಿಗಾಗಿ ನಡೆಸಿಕೊಂಡು ಬಂದ ಕಾಲೇಜು. ಅಲ್ಲಿಂದ ಆಸ್ಟ್ರೇಲಿಯಾದ ರಿಂಗ್‌ವುಡ್ ತಂಡಕ್ಕೆ ಹೋಗಿ ಸಂಬಳಕ್ಕೆ ಆಡಿದರು. 2011ರಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಲೀಗಿನ ಮೂರು ತಂಡಗಳು ಅವರನ್ನು ಪರೀಕ್ಷೆಗೆ ಕರೆದವು. ಆಯ್ಕೆಯಾಗಲಿಲ್ಲ. ಆದರೂ ಆ ಬಾಗಿಲನ್ನು ತಟ್ಟಿದ ಮೊದಲ ಭಾರತೀಯ ಮಹಿಳೆ ಅವರು. 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಇನ್ನು ವಾರಾಣಸಿಯ ಸಿಂಗ್ ಕುಟುಂಬದ ಅಕ್ಕತಂಗಿಯರಲ್ಲಿ ದಿವ್ಯಾ, ಪ್ರಶಾಂತಿ, ಆಕಾಂಕ್ಷಾ, ಪ್ರತಿಮಾ ನಾಲ್ವರೂ ಭಾರತಕ್ಕಾಗಿ ಆಡಿದರು. ಪ್ರಶಾಂತಿಗೆ 2019ರಲ್ಲಿ ಪದ್ಮಶ್ರೀ ಸಿಕ್ಕಿತು. ಸಾಲಾಗಿ ಹೆಣ್ಣುಮಕ್ಕಳಾದ ಮನೆಗೆ ನಮ್ಮಲ್ಲಿ ಜನ ಸಂತಾಪ ಹೇಳಲು ಹೋಗುತ್ತಾರೆ. ಆ ಮನೆಗೆ ದೇಶವೇ ಕೈಮುಗಿಯಿತು.

ಕೀರ್ತಿಯ ಮನೆಯೊಳಗೆ

ಇಷ್ಟು ಹೇಳಿದ ಮೇಲೆ, ಆಟವೊಂದೇ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಎಂದು ಯಾರೂ ತಿಳಿಯಬಾರದು. ಅದಕ್ಕೆ ಅಮೆರಿಕದ ಕೋಬಿ ಬ್ರ್ಯಾಂಟ್ ಅವರ ಬದುಕನ್ನು ನೋಡಬೇಕು. ಕಥೋಲಿಕ ಮನೆಯಲ್ಲಿ ಬೆಳೆದವರು. 1996ರಿಂದ 2016ರವರೆಗೆ ಇಪ್ಪತ್ತು ವರ್ಷ ಲಾಸ್ ಏಂಜಲೀಸ್ ಲೇಕರ್ಸ್ ಎಂಬ ಒಂದೇ ತಂಡಕ್ಕೆ ಆಡಿ ಐದು ಬಾರಿ ಚಾಂಪಿಯನ್ ಆದವರು. ಹಣ, ಹೆಸರು ಯಾವುದಕ್ಕೂ ಕೊರತೆಯಿರಲಿಲ್ಲ.

2003ರಲ್ಲಿ ಒಬ್ಬ ಯುವತಿ ಅವರ ಮೇಲೆ ಅತ್ಯಾಚಾರದ ಆರೋಪ ಮಾಡಿದಳು. ಆಕೆ ಸಾಕ್ಷಿ ಹೇಳಲು ಮುಂದಾಗದ ಕಾರಣ 2004ರಲ್ಲಿ ಮೊಕದ್ದಮೆ ನಿಂತಿತು. ಅವರು ಆಕೆಯ ಕ್ಷಮೆ ಕೇಳಿದರು; ಮುಂದೆ ಪರಿಹಾರದ ದಾವೆ ರಾಜಿಯಲ್ಲಿ ಮುಗಿಯಿತು. ತಮ್ಮ ವ್ಯಭಿಚಾರವನ್ನು ಹೆಂಡತಿಯ ಮುಂದೆ, ಲೋಕದ ಮುಂದೆ ಒಪ್ಪಿಕೊಂಡಿದ್ದರು. ಆ ಕಷ್ಟಕಾಲದಲ್ಲಿ ಒಬ್ಬ ಗುರುಗಳ ಬಳಿ ಮಾತನಾಡಿದ್ದು ತನ್ನನ್ನು ಕುಸಿಯದಂತೆ ಹಿಡಿಯಿತೆಂದು ಅವರು ನಂತರ ಹೇಳಿಕೊಂಡರು. 2011ರ ಕೊನೆಗೆ ಹೆಂಡತಿ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಆದರೆ 2013ರ ಆರಂಭದಲ್ಲಿ ಇಬ್ಬರೂ ಮತ್ತೆ ಒಂದಾದರು. ಹೀಗೆಂದು ಆ ಯುವತಿಯ ನೋವನ್ನು ನಾವು ಮರೆಯುವಂತಿಲ್ಲ. ಪಶ್ಚಾತ್ತಾಪ ಎನ್ನುವುದು ತಪ್ಪನ್ನು ಅಳಿಸುವ ರಬ್ಬರ್ ಅಲ್ಲ. ಅದು ಬದುಕಿನ ದಾರಿಯನ್ನು ಬದಲಿಸುವ ಕೃಪೆ.

ದಾರಿ ಬದಲಾದುದು ಕೊನೆಯ ವರ್ಷಗಳಲ್ಲಿ ಕಾಣುತ್ತಿತ್ತು. ಅವರಿಗೆ ನಾಲ್ವರು ಹೆಣ್ಣುಮಕ್ಕಳು. "ಗಂಡುಮಗು ಬೇಡವೇ?" ಎಂದು ಕೇಳಿದವರಿಗೆ ತಾನು ಹೆಣ್ಣುಮಕ್ಕಳ ಅಪ್ಪ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಎರಡನೇ ಮಗಳು ಜಿಯಾನಾಳ ತಂಡಕ್ಕೆ ತಾವೇ ತರಬೇತುದಾರರಾದರು. 2020ರ ಜನವರಿ 26, ಭಾನುವಾರ. ಬೆಳಿಗ್ಗೆ ಏಳು ಗಂಟೆಯ ಬಲಿಪೂಜೆಗೆ ಮೊದಲೇ ತಮ್ಮ ಧರ್ಮಕೇಂದ್ರದ ದೇವಾಲಯಕ್ಕೆ ಹೋಗಿ ಪ್ರಾರ್ಥಿಸಿದರು. ಆಮೇಲೆ ಮಗಳ ಪಂದ್ಯಕ್ಕೆಂದು ಹೊರಟ ಹೆಲಿಕಾಪ್ಟರ್ ದಟ್ಟ ಮಂಜಿನ ನಡುವೆ ಗುಡ್ಡಕ್ಕೆ ಅಪ್ಪಳಿಸಿ ತಂದೆ, 13 ವರ್ಷದ ಮಗಳು ಸೇರಿ ಒಂಬತ್ತು ಜನ ತೀರಿಕೊಂಡರು. ಗಳಿಸಿದ ಐದು ಪಟ್ಟಗಳಲ್ಲಿ ಒಂದೂ ಆ ಬೆಳಿಗ್ಗೆ ಜೊತೆಗಿರಲಿಲ್ಲ. ಜೊತೆಗಿದ್ದವಳು ಮಗಳು.

ಪಂಜಾಬಿನ ರೈತನ ಮಗ

ಇನ್ನೊಂದು ಕಥೆ ಹೆತ್ತವರ ಎಚ್ಚರಿಕೆಗಾಗಿ. ಪಂಜಾಬಿನ ಬಲ್ಲೋ ಕೆ ಎಂಬ ಸಣ್ಣ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್. ತಂದೆಯೂ ಏಳು ಅಡಿಗಿಂತ ಎತ್ತರ, ಆದರೆ ಅವರಿಗೆ ಆಡುವ ಅವಕಾಶ ಸಿಗಲಿಲ್ಲ. ತನಗೆ ಸಿಗದಿದ್ದುದು ಮಗನಿಗೆ ಸಿಗಲೆಂದು ಲೂಧಿಯಾನದ ಅಕಾಡೆಮಿಗೆ ಸೇರಿಸಿದರು. 2010ರಲ್ಲಿ, ಹದಿನಾಲ್ಕರ ಹುಡುಗ, ಇಂಗ್ಲಿಷ್ ಬಾರದೆ ಅಮೆರಿಕದ ಫ್ಲೋರಿಡಾಕ್ಕೆ ವಿದ್ಯಾರ್ಥಿವೇತನದ ಮೇಲೆ ಹೋದ. 2015ರಲ್ಲಿ ಡಲ್ಲಾಸ್ ಮ್ಯಾವೆರಿಕ್ಸ್ ತಂಡ 52ನೆಯವನಾಗಿ ಅವನನ್ನು ಆರಿಸಿಕೊಂಡಿತು. ಎನ್‌ಬಿಎ ಆಯ್ಕೆಯಲ್ಲಿ ಹೆಸರು ಬಂದ ಮೊದಲ ಭಾರತೀಯ ಅವನು. ಆದರೆ ಆ ಲೀಗಿನ ಒಂದು ಪಂದ್ಯವನ್ನೂ ಆಡುವ ಭಾಗ್ಯ ಸಿಗಲಿಲ್ಲ. 2019ರಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, 2020ರಲ್ಲಿ ಎರಡು ವರ್ಷದ ನಿಷೇಧಕ್ಕೆ ಒಳಗಾದ. ದೇಹ ಕಟ್ಟುವ ಪುಡಿ, ಮಾತ್ರೆಗಳಲ್ಲಿ ಏನಿರುತ್ತದೆ ಎಂಬುದು ಡಬ್ಬಿಯ ಮೇಲೆ ಯಾವಾಗಲೂ ಬರೆದಿರುವುದಿಲ್ಲ. ಸೊಲ್ಲಾಪುರದ ಜಿಮ್ಮುಗಳಿಗೆ ಹೋಗುವ ನಮ್ಮ ಹುಡುಗರೂ ಇದನ್ನು ನೆನಪಿಡಬೇಕು. ಜೋಳದ ರೊಟ್ಟಿ, ಬೇಳೆ, ಶೇಂಗಾ, ಮೊಟ್ಟೆ ಇವುಗಳನ್ನು ತಿಂದು ಯಾರಿಗೂ ನಿಷೇಧವಾಗಿಲ್ಲ.

ನಮ್ಮ ಪಾಪನಿವೇದನೆ

ಈಗ, ಆ ತಾಯಿಗೆ ನಾವು ಕೂಡಲೇ ಯಾಕೆ ಉತ್ತರ ಕೊಡಲಿಲ್ಲ ಎಂಬ ಮಾತಿಗೆ ಬರುತ್ತೇವೆ.

ಸುಮಾರು ಹದಿನೈದು ವರ್ಷಗಳ ಹಿಂದೆ, ನಾವು ಗುರುದೀಕ್ಷೆ ಪಡೆದ ಹೊಸತರಲ್ಲಿ, ಇಂಥದೇ ಒಂದು ಪ್ರಶ್ನೆ ಬಂದಿತ್ತು. ಆಗ ನಾವಿದ್ದ ಧರ್ಮಕೇಂದ್ರದಲ್ಲಿ ಒಬ್ಬ ಹುಡುಗಿ ಚೆನ್ನಾಗಿ ಆಡುತ್ತಿದ್ದಳು. ಜಿಲ್ಲಾ ತಂಡದ ಆಯ್ಕೆಗೆ ಕರೆ ಬಂದಿತ್ತು. ತಂದೆ ಬಂದು ಕೇಳಿದಾಗ ನಾವು ಗುರುಮಠದಲ್ಲಿ ಕಲಿತ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಪೋಣಿಸಿ, "ಹೆಣ್ಣುಮಗುವಿನ ಮರ್ಯಾದೆ ಮುಖ್ಯ, ಈಗ ಓದಿನ ಕಡೆ ಗಮನ ಕೊಡಲಿ" ಎಂದು ಬುದ್ಧಿ ಹೇಳಿದೆವು. ತಂದೆಗೆ ಸಮಾಧಾನವಾಯಿತು. ನಮಗೂ ಒಳ್ಳೆಯ ಕೆಲಸ ಮಾಡಿದಂತೆನಿಸಿತು. ಹುಡುಗಿ ಆಟ ಬಿಟ್ಟಳು. ಎರಡು ವರ್ಷಕ್ಕೆ ಓದನ್ನೂ ಬಿಡಿಸಿ ಮದುವೆ ಮಾಡಿದರು.

ಈಗ ಆಕೆ ಇರುವುದು ಕುಂಭಾರಿಯಲ್ಲೇ. ಕುಂಭಾರಿ ನಿಮಗೆಲ್ಲ ಗೊತ್ತು. 2006ರಲ್ಲಿ ಬೀಡಿ ಕಾರ್ಮಿಕ ಹೆಂಗಸರಿಗಾಗಿ ಗೋದೂತಾಯಿ ಪರುಳೇಕರ್ ಹೆಸರಿನ ಮನೆಗಳಾದದ್ದು, 2024ರ ಜನವರಿಯಲ್ಲಿ ರೇ ನಗರದ 15,000 ಮನೆಗಳ ಕೀಲಿಕೈ ಕೊಟ್ಟದ್ದು ಇಲ್ಲಿಯೇ. ಅಂಥ ಒಂದು ಮನೆಗೆ ನಾವು ಆ ವಾರ ಹೋದೆವು. ಆಕೆ ಹೊಸ್ತಿಲ ಬಳಿ ಮೊರ ಹಿಡಿದು ಬೀಡಿ ಕಟ್ಟುತ್ತಾ ಕುಳಿತಿದ್ದಳು. ನಾವು ಹಳೆಯದನ್ನು ನೆನಪಿಸಿ, "ನಮ್ಮಿಂದ ತಪ್ಪಾಯ್ತು, ಕ್ಷಮಿಸಬೇಕಮ್ಮ" ಎಂದೆವು. ಆಕೆಯ ಕೈ ನಿಲ್ಲಲಿಲ್ಲ. ಎಲೆ ಸುತ್ತುತ್ತಲೇ ಹೇಳಿದಳು: "ಅದೆಲ್ಲಾ ಮರ್ತು ಹೋಗೇತ್ರಿ ಫಾದರ್." ಸ್ವಲ್ಪ ಹೊತ್ತು ಬಿಟ್ಟು, ತಲೆ ಎತ್ತದೆ, "ನನ್ನ ಮಗಳು ಓಡೂದ್ರಾಗ ಭಾಳ ಚುರುಕ ಅದಾಳ್ರಿ. ಆಕಿಗೆ ಮಾತ್ರ ಬ್ಯಾಡ ಅನಬ್ಯಾಡ್ರಿ" ಎಂದಳು.

ಯೇಸುಸ್ವಾಮಿ ಹೇಳಿದ ತಲೆಂತುಗಳ ಸಾಮತಿಯನ್ನು ನಾವು ಎಷ್ಟೋ ಸಲ ಬೋಧಿಸಿದ್ದೇವೆ. ಒಡೆಯನ ನಾಣ್ಯವನ್ನು ಮಣ್ಣಲ್ಲಿ ಹೂತಿಟ್ಟ ಆ ಸೇವಕ ಕಳ್ಳನಲ್ಲ, ಕುಡುಕನಲ್ಲ. ಹೆದರಿದವನು, ಅಷ್ಟೇ. ಆ ದಿನ ಆ ಹೊಸ್ತಿಲ ಬಳಿ ನಮಗೆ ತಿಳಿಯಿತು: ಬೇರೆಯವರ ತಲೆಂತನ್ನು ನಾವೇ ಹೂತಿಟ್ಟಿದ್ದೆವು, ಅದೂ ದೇವರ ಹೆಸರಿನಲ್ಲಿ.

ಹೆತ್ತವರಿಗೆ ನಾಲ್ಕು ಮಾತು

ಧರ್ಮಸಭೆ ಆಟವನ್ನು ಕೀಳಾಗಿ ಕಂಡಿಲ್ಲ. ಸಂತ ಪೌಲರು ಕ್ರೈಸ್ತ ಬದುಕನ್ನು ವಿವರಿಸಲು ಓಟಗಾರನ ಉದಾಹರಣೆಯನ್ನೇ ತೆಗೆದುಕೊಂಡರು. ಹುಡುಗನಾಗಿದ್ದಾಗ ಗೋಲಿಯಾಗಿ ಕಾಲ್ಚೆಂಡು ಆಡಿದ್ದ ಸಂತ ಎರಡನೇ ಜಾನ್ ಪಾಲ್ ಅವರು 2004ರಲ್ಲಿ ವ್ಯಾಟಿಕನ್‌ನಲ್ಲಿ ಕ್ರೀಡೆಗಾಗಿಯೇ ಒಂದು ವಿಭಾಗ ತೆರೆದರು. 2018ರಲ್ಲಿ ಕ್ರೀಡೆಯನ್ನು ಕುರಿತ ಒಂದು ದಾಖಲೆಯೇ ವ್ಯಾಟಿಕನ್‌ನಿಂದ ಹೊರಬಂತು.

ಹಾಗೆಂದು ಎಲ್ಲ ಮಕ್ಕಳೂ ಅನಿತಾ ಆಗುವುದಿಲ್ಲ. ಓದನ್ನು ಬಿಡಿಸಬೇಡಿ; ಕಾಲು ಮುರಿದರೂ ಪುಸ್ತಕ ಉಳಿಯುತ್ತದೆ. ಮಹಾರಾಷ್ಟ್ರದ ಸರ್ಕಾರಿ ನೌಕರಿಗಳಲ್ಲಿ ಅರ್ಹ ಕ್ರೀಡಾಪಟುಗಳಿಗೆ ಶೇಕಡಾ 5ರ ಮೀಸಲಾತಿ ಇದೆ. ರೈಲ್ವೆಯಲ್ಲೂ ಕ್ರೀಡಾ ನೇಮಕಾತಿ ಇದೆ. ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ. ತರಬೇತುದಾರರು ಯಾರು, ಶಿಬಿರದಲ್ಲಿ ಹೆಣ್ಣುಮಕ್ಕಳ ಜೊತೆ ಮಹಿಳೆಯರು ಇರುತ್ತಾರೋ ಇಲ್ಲವೋ ವಿಚಾರಿಸಿ; ಇದು ಅನುಮಾನವಲ್ಲ, ಜವಾಬ್ದಾರಿ. ಮತ್ತು, ಅಪ್ಪಂದಿರೇ, ವರ್ಷದಲ್ಲಿ ಒಂದು ಸಲವಾದರೂ ಹೋಗಿ ಮಗಳ ಆಟ ನೋಡಿ. ಸೋತಾಗಲೂ ನೋಡಿ.

ಮಾತು ಕೊಟ್ಟಂತೆ ಆ ತಾಯಿಯ ಮನೆಗೂ ಹೋದೆವು. ತಂದೆ, ತಾಯಿ, ಅಜ್ಜಿ, ಹುಡುಗಿ ಎಲ್ಲರೂ ಕುಳಿತರು. ನಾವು ಬೋಧನೆ ಮಾಡಲಿಲ್ಲ. ನಮ್ಮ ತಪ್ಪಿನ ಕಥೆಯನ್ನಷ್ಟೇ ಹೇಳಿದೆವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ತಂದೆ, "ಹನ್ನೆರಡನೇತ್ತಾ ಮುಗಿಯೂ ತನಕ ಆಡ್ಲಿ. ಮಾರ್ಕ್ಸ್ ಕಮ್ಮಿ ಆದ್ರ ಆಮ್ಯಾಲೆ ನೋಡೂಣು" ಎಂದರು. ತಾಯಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಆದರೂ ಎದ್ದು ಚಹಾ ತಂದರು. ಹುಡುಗಿ ಆಗಲೇ ಒಳಗೆ ಹೋಗಿ ಬೂಟಿನ ದಾರ ಕಟ್ಟುತ್ತಿದ್ದಳು.

ಎರಡು ವರ್ಷ ಸಿಕ್ಕಿದೆ. ಮುಂದಿನದು ಆ ಮಗುವಿನ ಶ್ರಮ, ದೇವರ ಚಿತ್ತ. ನಿಮ್ಮ ಮನೆಯಲ್ಲಿ ಯಾವ ತಲೆಂತು ಅಟ್ಟ ಸೇರಿದೆ ಎಂದು ಇಂದು ರಾತ್ರಿ ಜಪಸರ ಮುಗಿದ ಮೇಲೆ ಒಮ್ಮೆ ಕೇಳಿಕೊಳ್ಳಿ. ನಜರೇತಿನ ಪವಿತ್ರ ಕುಟುಂಬ ನಮ್ಮ ಕುಟುಂಬಗಳನ್ನೂ, ನಮ್ಮ ಹೆಣ್ಣುಮಕ್ಕಳನ್ನೂ ಕಾಪಾಡಲಿ.